ಟಿಕಿ ಮಗ್‌ನ ತಳದಲ್ಲಿ ಬರೆದ ಸಂಖ್ಯೆ

ಅಮೆರಿಕದ ಟಿಕಿ ಬಾರ್‌ಗಳಲ್ಲಿ ರಮ್ ಪಾನೀಯ ಕೊಡುವ, ಪೆಸಿಫಿಕ್ ದ್ವೀಪದ ದೇವರಂಥ ಮುಖವಿರುವ ಮಣ್ಣಿನ ಪಾತ್ರೆಗೆ ಟಿಕಿ ಮಗ್ ಎನ್ನುತ್ತಾರೆ. ಯಾರಾದರೂ ನಿಮ್ಮ ಕೈಗೊಂದು ಟಿಕಿ ಮಗ್ ಕೊಟ್ಟರೆ ಮುಖ ನೋಡುವ ಮೊದಲು ಬೋರಲು ಮಾಡಿ ತಳ ನೋಡಿ. ನನ್ನ ಬಳಿ ಈಗ ಉಳಿದಿರುವುದು ಎರಡೇ ಮಗ್. ಹಳೆಯದರ ತಳದಲ್ಲಿ ‘ಆರ್ಕಿಡ್ಸ್ ಆಫ್ ಹವಾಯಿ’ ಎಂದಿದೆ, ಆರ್ ಅಕ್ಷರದ ಜೊತೆ ಒಂದು ಮಾದರಿ ಸಂಖ್ಯೆ ಇದೆ, ಅದರ ಕೆಳಗೆ ‘ಜಪಾನ್’. ಹೆಸರು ಹವಾಯಿಯದು. ಕಂಪನಿ ಇದ್ದದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ. ಮಣ್ಣು ಕಲಸಿ ಸುಟ್ಟು ಬಣ್ಣ ಹಾಕಿದವರು ಜಪಾನಿನ ಕೆಲಸಗಾರರು. ಮೇಲೆ ಹಲ್ಲು ಕಚ್ಚಿ ನಿಂತಿರುವ ಮುಖ ಪೆಸಿಫಿಕ್ ಸಾಗರದ ಪಾಲಿನೇಷ್ಯಾದ ಯಾವುದೋ ದ್ವೀಪದ ದೇವರ ಹಾಗಿದೆ. ಯಾವ ದ್ವೀಪದ್ದು ಎಂದು ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ಇನ್ನೊಂದು ಹೊಸದು. ಅದರ ತಳದಲ್ಲಿ ಸಣ್ಣದೊಂದು ಸ್ಟುಡಿಯೊದ ಗುರುತು, ಮಾಡಿದ ವರ್ಷ, ಮಣ್ಣು ಹಸಿಯಿರುವಾಗಲೇ ಕಡ್ಡಿಯಿಂದ ಗೀರಿ ಬರೆದ 37/200, ಅಂದರೆ ಇನ್ನೂರರಲ್ಲಿ ಮೂವತ್ತೇಳನೆಯದು.

ಹಳೆಯ ಮಗ್ ಒಟ್ಟು ಎಷ್ಟು ತಯಾರಾಗಿತ್ತು ಎಂದು ಅದರ ಮೇಲೆ ಬರೆದಿಲ್ಲ. ಬರೆಯಬೇಕು ಎಂದು ಯಾರಿಗೂ ಅನಿಸಿರಲಿಲ್ಲ. ಹೊಸ ಮಗ್‌ಗೆ ಆ ಸಂಖ್ಯೆಯೇ ಬೆಲೆ. ಬಾರ್‌ನಲ್ಲಿ ಕುಡಿದು ಮನೆಗೆ ಒಯ್ಯುತ್ತಿದ್ದ ಮಣ್ಣಿನ ಪಾತ್ರೆಯೊಂದು, ಕುಡಿಯದೆ ಗಾಜಿನ ಬೀರುವಿನಲ್ಲಿಡುವ ಲಿಮಿಟೆಡ್ ಎಡಿಷನ್ ಆಗಿದ್ದು ಹೇಗೆ, ಆ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದು, ಅದರ ಮೇಲಿನ ಮುಖ ಯಾರದು ಎಂಬ ಮೂರು ಪ್ರಶ್ನೆಗಳು ಈಗ ಒಟ್ಟಿಗೇ ಎದ್ದಿವೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಆರು ವರ್ಷ ಇದ್ದಾಗ ನನಗೂ ಈ ಹುಚ್ಚು ಹಿಡಿದಿತ್ತು. ಹುಚ್ಚು ಇಳಿದರೂ ಪ್ರೀತಿ ಇಳಿದಿಲ್ಲ. ಆ ಪ್ರೀತಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಟಿಕಿ ಬಾರ್ ಹುಟ್ಟಿದ್ದು ಹವಾಯಿಯಲ್ಲಲ್ಲ, ಹಾಲಿವುಡ್‌ನಲ್ಲಿ. ಅಮೆರಿಕದಲ್ಲಿ ಪಾನನಿಷೇಧ ತೆರವಾಗಿದ್ದು 1933ರಲ್ಲಿ. ಅದೇ ಸುಮಾರಿಗೆ ಅರ್ನೆಸ್ಟ್ ಗ್ಯಾಂಟ್ ಎಂಬಾತ ಅಲ್ಲೊಂದು ಪುಟ್ಟ ಬಾರ್ ತೆರೆದ. ಅದೇ ಮುಂದೆ ‘ಡಾನ್ ದಿ ಬೀಚ್‌ಕೋಂಬರ್’ ಎಂದು ಹೆಸರಾಯಿತು. ಆತ ಕೋರ್ಟಿನ ಮೂಲಕ ತನ್ನ ಹೆಸರನ್ನೇ ಡಾನ್ ಬೀಚ್ ಎಂದು ಬದಲಿಸಿಕೊಂಡ. ಬಿದಿರಿನ ಗೋಡೆ, ಮೀನಿನ ಬಲೆ, ಮಬ್ಬು ಬೆಳಕು, ಎರಡು ಮೂರು ಬಗೆಯ ರಮ್ ಬೆರೆಸಿ ಹಣ್ಣಿನ ರಸ ಸೇರಿಸಿದ ಪಾನೀಯಗಳು. ಅದರಲ್ಲಿ ‘ಜಾಂಬಿ’ ಎಂಬುದನ್ನು ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಆತ ನಿಯಮ ಮಾಡಿದ್ದ. ಅದಕ್ಕೆ ತಲೆಗೇರುವ ಗುಣ ಹೆಚ್ಚು ಎಂಬುದು ಕಾರಣ. ಆದರೆ ‘ಎರಡೇ’ ಎಂಬ ಮಾತೇ ಊರೆಲ್ಲ ಹಬ್ಬಿ ಜನರನ್ನು ಕರೆತಂದಿತು. ಮಿತಿ ಹಾಕಿದರೆ ಆಸೆ ಹೆಚ್ಚುತ್ತದೆ ಎಂಬ ವ್ಯಾಪಾರದ ಗುಟ್ಟು ಟಿಕಿಯ ಮೊದಲ ದಿನಗಳಿಂದಲೇ ಅದರ ಜೊತೆಗಿದೆ. ಪಾಕವಿಧಾನ ಬೇರೆಯವರ ಪಾಲಾಗಬಾರದೆಂದು ಬಾಟಲಿಗಳ ಮೇಲೆ ಹೆಸರಿನ ಬದಲು ಸಂಕೇತ ಬರೆಸುತ್ತಿದ್ದ. ಕೌಂಟರಿನ ಹಿಂದೆ ನಿಂತು ಅವನ್ನು ಬೆರೆಸುತ್ತಿದ್ದವರಲ್ಲಿ ಫಿಲಿಪೈನ್ಸ್‌ನಿಂದ ಬಂದವರು ಬಹಳ ಮಂದಿ. ಅವರಲ್ಲೊಬ್ಬರಾದ ರೇ ಬುಹೆನ್ 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಮ್ಮದೇ ‘ಟಿಕಿ-ಟಿ’ ತೆರೆದರು. ಕೋಣೆಯೊಂದರಷ್ಟೇ ಇರುವ ಆ ಬಾರ್ ಅವರ ಮನೆತನದ ಕೈಯಲ್ಲೇ ಮುಂದುವರಿಯಿತು.

ಡಾನ್‌ಗೆ ಪೈಪೋಟಿ ಕೊಟ್ಟವನು ಓಕ್‌ಲೆಂಡ್‌ನ ವಿಕ್ಟರ್ ಬರ್ಜರಾನ್. 1934ರಲ್ಲಿ ಸಣ್ಣ ಹೋಟೆಲ್ ಇಟ್ಟವನು ಅದನ್ನೇ ‘ಟ್ರೇಡರ್ ವಿಕ್ಸ್’ ಮಾಡಿದ. 1944ರಲ್ಲಿ ‘ಮಾಯ್ ತಾಯ್’ ಎಂಬ ರಮ್ ಪಾನೀಯವನ್ನು ಮೊದಲು ಬೆರೆಸಿದ್ದು ತಾನೇ ಎಂದು ಕೊನೆಯವರೆಗೂ ಪಟ್ಟು ಹಿಡಿದಿದ್ದ. ಎರಡನೇ ಮಹಾಯುದ್ಧ ಮುಗಿಸಿ ಪೆಸಿಫಿಕ್ ದ್ವೀಪಗಳಿಂದ ಮರಳಿದ ಸೈನಿಕರು, 1947ರಲ್ಲಿ ನಾರ್ವೆಯ ಸಾಹಸಿ ಥಾರ್ ಹೆಯರ್‌ಡಾಲ್ ‘ಕಾನ್-ಟಿಕಿ’ ಎಂಬ ತೆಪ್ಪದಲ್ಲಿ ಸಾಗರ ದಾಟಿದ ಸುದ್ದಿ, 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾದದ್ದು, ಇವೆಲ್ಲ ಸೇರಿ ಊರೂರಿಗೆ ಟಿಕಿ ಬಾರ್ ಬಂದವು. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನ ‘ಮಾಯ್-ಕಾಯ್’ 1956ರ ಡಿಸೆಂಬರ್‌ನಲ್ಲಿ ತೆರೆದದ್ದು ಆ ಅಲೆಯಲ್ಲೇ.

ಮೊದಮೊದಲು ಪಾನೀಯ ಕೊಡುತ್ತಿದ್ದದ್ದು ಗಾಜಿನ ಲೋಟದಲ್ಲಿ, ತೆಂಗಿನ ಚಿಪ್ಪಿನಲ್ಲಿ, ಒಳಗೆ ಕೆತ್ತಿ ತೆಗೆದ ಅನಾನಸಿನಲ್ಲಿ. ಬಾಗಿಲಲ್ಲಿ ನಿಲ್ಲಿಸಿದ್ದ ಮರದ ಮೂರ್ತಿಯ ಮುಖ ಮೇಜಿನ ಮೇಲಿನ ಮಗ್‌ಗೆ ಇಳಿದದ್ದು ಐವತ್ತರ ದಶಕದಲ್ಲಿ. ಅಚ್ಚಿನಲ್ಲಿ ಎರಕ ಹೊಯ್ದ ಜೇಡಿಮಣ್ಣಿನ ಮಗ್‌ಗಳನ್ನು ಸ್ಯಾನ್ ಫ್ರಾನ್ಸಿಸ್ಕೊದ ಒಟಗಿರಿ, ಬ್ರಾಂಕ್ಸ್‌ನ ಆರ್ಕಿಡ್ಸ್ ಆಫ್ ಹವಾಯಿಯಂಥ ಕಂಪನಿಗಳು ಜಪಾನಿನಲ್ಲಿ ಮಾಡಿಸಿ ತರಿಸಿದವು. ಬಾರ್‌ನವರಿಗೆ ಅವು ಜಾಹೀರಾತು. ಕುಡಿದವರು ಮನೆಗೆ ಒಯ್ಯಲಿ, ಅಡುಗೆಮನೆಯ ಕಿಟಕಿಯಲ್ಲಿ ಇಡಲಿ, ಬಂದವರು ‘ಇದೆಲ್ಲಿಂದ ತಂದಿರಿ’ ಎಂದು ಕೇಳಲಿ ಎಂಬ ಲೆಕ್ಕ. ಎಪ್ಪತ್ತರ ದಶಕ ಕಳೆಯುವಷ್ಟರಲ್ಲಿ ಈ ಫ್ಯಾಷನ್ ಮುಗಿಯಿತು. ಬಾರ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಗ್‌ಗಳು ಅಟ್ಟ ಸೇರಿದವು, ಪೆನ್ನಿನ ಡಬ್ಬಿಯಾದವು, ಸಾಮಾನು ಸಾಗಿಸುವಾಗ ಒಡೆದವು. ಉಳಿದವು ಹಳೆ ಸಾಮಾನಿನ ಅಂಗಡಿಯಲ್ಲಿ ಒಂದೆರಡು ಡಾಲರ್‌ಗೆ ಸಿಗುತ್ತಿದ್ದವು.

ಈ ಒಡೆಯುವಿಕೆ ಮುಖ್ಯ. ಮತ್ತೆ ಅದಕ್ಕೇ ಬರುತ್ತೇನೆ.

ತೊಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆಲವರು ಈ ಹಳೆ ಮಗ್‌ಗಳನ್ನು ಹುಡುಕಿ ಕೂಡಿಸತೊಡಗಿದರು. ಸ್ವೆನ್ ಕರ್ಸ್ಟನ್ ಎಂಬ ಜರ್ಮನ್ ಮೂಲದ ಛಾಯಾಗ್ರಾಹಕ ಟಿಕಿ ಬಾರ್‌ಗಳ ಇತಿಹಾಸವನ್ನು ಚಿತ್ರಗಳ ಸಮೇತ ಪುಸ್ತಕವಾಗಿ ತಂದದ್ದು 2000ದಲ್ಲಿ. ಅದೇ ವರ್ಷ ಹೋಲ್ಡನ್ ವೆಸ್ಟ್‌ಲ್ಯಾಂಡ್ ‘ಟಿಕಿ ಫಾರ್ಮ್’ ಕಂಪನಿ ಆರಂಭಿಸಿ ಹೊಸ ವಿನ್ಯಾಸದ ಮಗ್‌ಗಳನ್ನು ಚೀನಾದಲ್ಲಿ ಮಾಡಿಸತೊಡಗಿದರು. ಕೈಯಲ್ಲೇ ಎರಕ ಹೊಯ್ದು ಸುಡುವ ಮಂಕ್‌ಟಿಕಿ, ಟಿಕಿ ಡಯಾಬ್ಲೊ ಥರದ ಸಣ್ಣ ಸ್ಟುಡಿಯೊಗಳೂ ಬಂದವು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಸ್ಮಗ್ಲರ್ಸ್ ಕೋವ್’ ಎಂಬ ಬಾರ್ ತೆರೆಯಿತು. 2011ರಲ್ಲಿ ಡಿಸ್ನಿ ಕಂಪನಿ ತನ್ನ ಡಿಸ್ನಿಲ್ಯಾಂಡ್ ಹೋಟೆಲ್‌ನಲ್ಲೇ ‘ಟ್ರೇಡರ್ ಸ್ಯಾಮ್ಸ್’ ಎಂಬ ಟಿಕಿ ಬಾರ್ ಇಟ್ಟಿತು. ಡಿಸ್ನಿ ವಸ್ತುಗಳನ್ನು ಕೂಡಿಡುವ ಜನಸಮುದ್ರವೇ ಬೇರೆ ಇದೆ. ಅವರೂ ಮಗ್‌ನ ಸಾಲಿಗೆ ಬಂದು ನಿಂತಾಗ ಈ ಪುಟ್ಟ ಹವ್ಯಾಸದ ಲೆಕ್ಕಾಚಾರವೇ ಬದಲಾಯಿತು.

ಇನ್ನು ಸಂಖ್ಯೆಯ ವಿಷಯ. ಇನ್ನೂರೇ ಏಕೆ, ಎರಡು ಸಾವಿರ ಏಕಲ್ಲ? ಇದಕ್ಕೆ ಉತ್ತರ ಮಣ್ಣಿನಲ್ಲಿದೆ, ಅರ್ಧ ಮಾತ್ರ.

ಟಿಕಿ ಮಗ್ ಚಕ್ರದ ಮೇಲೆ ತಿರುಗಿಸಿ ಮಾಡುವಂಥದ್ದಲ್ಲ. ಮೊದಲು ಕಲಾವಿದರು ಮೇಣದ ಥರದ ಜೇಡಿಯಲ್ಲಿ ಮೂಲ ಆಕೃತಿ ತಿದ್ದುತ್ತಾರೆ. ಅದರ ಸುತ್ತ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಎರಡು ಮೂರು ಭಾಗಗಳ ಅಚ್ಚು ತೆಗೆಯುತ್ತಾರೆ. ದೋಸೆ ಹಿಟ್ಟಿನ ಹದದ ಮಣ್ಣಿನ ನೀರನ್ನು ಆ ಅಚ್ಚಿಗೆ ತುಂಬಿದರೆ, ಒಣ ಪ್ಲಾಸ್ಟರ್ ನೀರು ಹೀರಿಕೊಂಡು ಅಚ್ಚಿನ ಒಳಮೈಗೆ ಮಣ್ಣಿನ ಪದರ ಕಟ್ಟುತ್ತದೆ. ಪದರ ಬೇಕಾದಷ್ಟು ದಪ್ಪವಾದ ಮೇಲೆ ಉಳಿದದ್ದನ್ನು ಬಗ್ಗಿಸಿ ಚೆಲ್ಲುತ್ತಾರೆ. ಸ್ವಲ್ಪ ಗಟ್ಟಿಯಾದಾಗ ಅಚ್ಚು ಬಿಚ್ಚಿ, ಜೋಡಣೆಯ ಗೆರೆಯನ್ನು ಚಾಕುವಿನಿಂದ ಹೆರೆದು, ಒದ್ದೆ ಸ್ಪಂಜಿನಿಂದ ಸವರುತ್ತಾರೆ. ಒಣಗಿಸಿ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖದಲ್ಲಿ ಒಮ್ಮೆ ಸುಟ್ಟು, ಗ್ಲೇಜ್ ಎಂಬ ಗಾಜಿನ ಹೊಳಪಿನ ಲೇಪ ಬಳಿದು ಮತ್ತೊಮ್ಮೆ ಸುಡುತ್ತಾರೆ. ಭಟ್ಟಿಯೊಳಗೆ ಸೀಳಿದವು, ಒಂದಕ್ಕೊಂದು ಅಂಟಿದವು, ಗ್ಲೇಜ್ ಹರಿದು ಕಣ್ಣು ಮೂಗು ಮುಚ್ಚಿಹೋದವು ಎಲ್ಲ ಕಸಕ್ಕೆ. ಒಂದು ಸ್ಟುಡಿಯೊದಲ್ಲಿ ಹಿಂಭಾಗದ ಬಕೆಟ್ ನೋಡಿದ್ದೇನೆ. ಒಡೆದ ಹಣೆ, ಅರ್ಧ ಬಾಯಿ, ಕಿವಿ ಇಲ್ಲದ ತಲೆಗಳು ತುಂಬಿದ್ದವು. ಮಾಡುವವರು ಅದನ್ನು ನೋಡುತ್ತ, ಒಂದೊಂದು ತಲೆಯ ಹಿಂದಿನ ಒಂದೊಂದು ವಾರದ ಕೆಲಸವನ್ನು ನೆನೆಸಿಕೊಂಡು ಹೇಳಿದರು.

ಪ್ಲಾಸ್ಟರ್ ಅಚ್ಚು ಸವೆಯುತ್ತದೆ. ಐವತ್ತೋ ನೂರೋ ಸಲ ಎರಕ ಹೊಯ್ದ ಮೇಲೆ ಕೆತ್ತನೆಯ ಮೊನೆ ಮೊಂಡಾಗುತ್ತದೆ, ಹಲ್ಲಿನ ನಡುವಿನ ಗೆರೆ ಅಳಿಸುತ್ತ ಬರುತ್ತದೆ. ಒಬ್ಬಿಬ್ಬರು ಕೆಲಸ ಮಾಡುವ ಸ್ಟುಡಿಯೊ ‘ಇನ್ನೂರು ಮಾತ್ರ’ ಎಂದರೆ ಅದರಲ್ಲಿ ನಿಜವಾದ ಮಿತಿ ಇದೆ. ಕೈ ಎರಡೇ, ಭಟ್ಟಿ ಒಂದೇ, ಅಚ್ಚು ಕೆಲವೇ.

ಉಳಿದರ್ಧ ಉತ್ತರ ಬೇರೆ. ಅಚ್ಚಿಗೂ ತಾಯಿ ಅಚ್ಚು ಒಂದಿರುತ್ತದೆ. ಅದರಿಂದ ಹೊಸ ಅಚ್ಚುಗಳನ್ನು ಬೇಕಾದಷ್ಟು ತೆಗೆಯಬಹುದು. ಕಾರ್ಖಾನೆಯಲ್ಲಿ ಮಾಡಿಸಿದರೆ ಇನ್ನೂರಕ್ಕೂ ಎರಡು ಸಾವಿರಕ್ಕೂ ನಡುವೆ ಮಣ್ಣು ತಡೆ ಹಾಕುವುದಿಲ್ಲ. ಅಲ್ಲಿ ಇನ್ನೂರು ಎಂಬುದು ಮಾರಾಟಗಾರ ಕೊಟ್ಟ ಮಾತು. ಮಾತು ಉಳಿಸಿಕೊಳ್ಳುವವರು ಬಹಳ ಮಂದಿ ಇದ್ದಾರೆ, ಕೆಲವರು ಅಚ್ಚನ್ನು ಒಡೆದೇ ಹಾಕುತ್ತಾರೆ. ಆದರೆ ಮಾತನ್ನು ಮುರಿಯದೆಯೇ ಹಿಗ್ಗಿಸುವ ದಾರಿಗಳೂ ಇವೆ. ಅದೇ ಆಕೃತಿಯನ್ನು ಕಂದು ಬಣ್ಣದಲ್ಲಿ ಇನ್ನೂರು, ಹಸಿರಿನಲ್ಲಿ ಇನ್ನೂರು, ನೀಲಿಯಲ್ಲಿ ನೂರು, ಚಿನ್ನದ ಬಣ್ಣ ಬಳಿದು ಐವತ್ತು ಬಿಡಬಹುದು. ಪ್ರತಿಯೊಂದರ ತಳದಲ್ಲೂ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಕೊಳ್ಳುವವರ ಕೈಯಲ್ಲಿರುವುದು ಮಾತ್ರ ಇನ್ನೂರರಲ್ಲಿ ಒಂದಲ್ಲ, ಐನೂರೈವತ್ತರಲ್ಲಿ ಒಂದು. ಇದರ ಮೇಲೆ ‘ಆರ್ಟಿಸ್ಟ್ ಪ್ರೂಫ್’ ಎಂದು ಲೆಕ್ಕದಾಚೆ ಉಳಿಸಿಕೊಂಡವು ಬೇರೆ. ಇನ್ನೊಂದು ಬಗೆಯಲ್ಲಿ ಎರಡು ದಿನ ಆರ್ಡರ್ ತೆಗೆದುಕೊಂಡು, ಬಂದಷ್ಟನ್ನೂ ಮಾಡಿಕೊಟ್ಟು ಅದನ್ನೂ ಲಿಮಿಟೆಡ್ ಎನ್ನುತ್ತಾರೆ. ನನಗೆ ಕೇಳಿದರೆ ಈ ಕೊನೆಯದು ಇದ್ದುದರಲ್ಲಿ ಪ್ರಾಮಾಣಿಕ. ಬೇಕಾದವರಿಗೆಲ್ಲ ಸಿಗುತ್ತದೆ, ಮರುಮಾರಾಟಕ್ಕೆ ಕಾಯುವವರಿಗೆ ಲಾಭ ಕಡಿಮೆ.

ಮರುಮಾರಾಟದ ಬಿಸಿ ನನಗೂ ತಟ್ಟಿದೆ. ಒಮ್ಮೆ ಒಂದು ಅಂಗಡಿಯ ಆನ್‌ಲೈನ್ ಮಾರಾಟ ಬೆಳಿಗ್ಗೆ ಹತ್ತಕ್ಕೆ ಶುರುವಾಗುವುದಿತ್ತು. ಕಾರ್ಡ್ ಸಂಖ್ಯೆ ಮೊದಲೇ ತುಂಬಿಟ್ಟು ಕೂತಿದ್ದೆ. ಮಗ್ ಬುಟ್ಟಿಗೆ ಬಂತು, ಹಣ ಕಟ್ಟುವ ಗುಂಡಿ ಒತ್ತುವಷ್ಟರಲ್ಲಿ ‘ಖಾಲಿ’ ಎಂದು ತೋರಿಸಿತು. ಒಂದು ನಿಮಿಷವೂ ಆಗಿರಲಿಲ್ಲ. ಅಂದು ಸಂಜೆ ಅದೇ ಮಗ್‌ಗಳು ಹರಾಜಿನ ತಾಣದಲ್ಲಿ ಮೂರು ಪಟ್ಟು ಬೆಲೆಗೆ ಇದ್ದವು. ಹಾಕಿದವರಲ್ಲಿ ಕೆಲವರ ಬಳಿ ಮಗ್ ಇನ್ನೂ ತಲುಪಿಯೇ ಇರಲಿಲ್ಲ, ಅಂಗಡಿಯ ಫೋಟೊವನ್ನೇ ಹಾಕಿದ್ದರು. ಅಂಗಡಿಗಳು ಒಬ್ಬರಿಗೆ ಒಂದೇ ಎನ್ನುತ್ತವೆ, ಲಾಟರಿ ಎತ್ತುತ್ತವೆ, ಬಾರ್‌ಗೇ ಬಂದು ಒಯ್ಯಬೇಕು ಎನ್ನುತ್ತವೆ. ಯಂತ್ರದ ವೇಗದಲ್ಲಿ ಕೊಳ್ಳುವ ಸಾಫ್ಟ್‌ವೇರ್ ಇಟ್ಟುಕೊಂಡವರನ್ನು ಇವು ಸ್ವಲ್ಪ ನಿಧಾನಿಸುತ್ತವೆ, ತಡೆಯುವುದಿಲ್ಲ.

ಇಲ್ಲಿ ಒಡೆಯುವಿಕೆಯ ಮಾತಿಗೆ ಬರೋಣ. ಐವತ್ತು ಅರುವತ್ತರ ದಶಕದ ಮಗ್ ಇಂದು ಏಕೆ ವಿರಳ? ಅದನ್ನು ಬಳಸಿದರು, ಒಡೆದರು, ಎಸೆದರು. ಯಾರೂ ಅದನ್ನು ಕಾಪಾಡಲಿಲ್ಲ. ಸಾವಿರಾರು ತಯಾರಾಗಿದ್ದರೂ ಚಕ್ಕೆ ಏಳದೆ ಉಳಿದವು ಕೆಲವೇ. ಅದರ ವಿರಳತೆಯನ್ನು ಯಾರೂ ಯೋಜಿಸಿರಲಿಲ್ಲ. ಇಂದಿನ ಲಿಮಿಟೆಡ್ ಎಡಿಷನ್ ಮಗ್ ಬರುವಾಗಲೇ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬರುತ್ತದೆ. ಕೊಂಡವರು ಪೆಟ್ಟಿಗೆಯನ್ನೂ ಎಸೆಯುವುದಿಲ್ಲ. ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಇನ್ನೂರಕ್ಕೆ ನೂರತೊಂಬತ್ತು ಹಾಗೇ ಇದ್ದರೆ ಆಶ್ಚರ್ಯವಿಲ್ಲ. ಆಗ ಅವನ್ನು ಬೇಕೆನ್ನುವವರು ನೂರತೊಂಬತ್ತಕ್ಕಿಂತ ಹೆಚ್ಚು ಇರಬೇಕು. ಇರುತ್ತಾರೆಯೇ?

ಇದು ಸುಮ್ಮನೆ ಹುಟ್ಟಿದ ಅನುಮಾನವಲ್ಲ. ತೊಂಬತ್ತರ ದಶಕದಲ್ಲಿ ಟೈ ಕಂಪನಿಯ ಬೀನಿ ಬೇಬಿ ಗೊಂಬೆಗಳಿಗೆ ಅಮೆರಿಕದ ಸಂಸಾರಗಳು ಮಕ್ಕಳ ಕಾಲೇಜಿನ ಖರ್ಚಿಗಾಗುತ್ತದೆ ಎಂದು ಹಣ ಸುರಿದಿದ್ದವು. ಕಂಪನಿ ಒಂದೊಂದು ಗೊಂಬೆಯನ್ನು ‘ನಿವೃತ್ತಿ’ ಮಾಡುತ್ತ ಬಂದಂತೆ ಬೆಲೆ ಏರುತ್ತಿತ್ತು. ಎಲ್ಲರೂ ಕಿವಿಯ ಚೀಟಿಗೆ ಪ್ಲಾಸ್ಟಿಕ್ ಕವಚ ಹಾಕಿ ಕಾಪಾಡಿದರು. ಎಲ್ಲರೂ ಕಾಪಾಡಿದ್ದರಿಂದಲೇ ಯಾವುದೂ ವಿರಳವಾಗಲಿಲ್ಲ, ಹೊಸ ಶತಮಾನ ಬರುತ್ತಲೇ ಬೆಲೆ ನೆಲಕಚ್ಚಿತು. ಸಂಗ್ರಹಕ್ಕೆಂದೇ ಮಾಡಿದ ಚಿತ್ರದ ತಟ್ಟೆಗಳ ಗತಿಯೂ ಅದೇ. ಅಜ್ಜಿ ಜೋಪಾನ ಮಾಡಿಟ್ಟದ್ದನ್ನು ಮೊಮ್ಮಕ್ಕಳು ಮಾರಲು ಹೋದರೆ ಕೊಳ್ಳುವವರಿಲ್ಲ. ಟಿಕಿ ಮಗ್‌ಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಇದರ ಹಿಂದೆ ಜೀವಂತ ಬಾರ್‌ಗಳಿವೆ, ಕಲಾವಿದರ ಕೈಯಿದೆ. ಆದರೆ ಮಗ್ ಕೊಂಡು ದುಡ್ಡು ಬೆಳೆಸುತ್ತೇನೆ ಎಂದು ಹೊರಟವರಿಗೆ ಈ ಇತಿಹಾಸ ಗೊತ್ತಿರಬೇಕು. ಇದು ತೀರಾ ಚಿಕ್ಕ ಮಾರುಕಟ್ಟೆ. ಒಂದು ಮಗ್‌ಗೆ ಇಬ್ಬರು ಹಟ ಹಿಡಿದರೆ ಬೆಲೆ ಆಕಾಶಕ್ಕೆ, ಆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿದರೆ ಪಾತಾಳಕ್ಕೆ. ಹರಾಜಿನ ತಾಣದಲ್ಲಿ ಕೇಳುತ್ತಿರುವ ಬೆಲೆಗೂ ಮಾರಾಟವಾದ ಬೆಲೆಗೂ ಅಜಗಜಾಂತರ. ನೋಡಬೇಕಾದದ್ದು ಎರಡನೆಯದನ್ನು ಮಾತ್ರ.

ಕೊಳ್ಳುವವರು ಒಂದು ಅಳತೆ ಟೇಪನ್ನೂ ಇಟ್ಟುಕೊಳ್ಳಬೇಕು. ಮಣ್ಣು ಒಣಗುವಾಗ, ಸುಡುವಾಗ ಕುಗ್ಗುತ್ತದೆ, ಮಣ್ಣಿನ ಬಗೆಗೆ ತಕ್ಕಂತೆ ನೂರಕ್ಕೆ ಐದರಿಂದ ಹನ್ನೆರಡರಷ್ಟು. ಯಾರಾದರೂ ಹಳೆಯ ಮಗ್‌ನಿಂದಲೇ ಅಚ್ಚು ತೆಗೆದು ನಕಲು ಮಾಡಿದರೆ ನಕಲು ಮೂಲಕ್ಕಿಂತ ಗಿಡ್ಡವಾಗಿರುತ್ತದೆ, ಕೆತ್ತನೆ ಮಂಕಾಗಿರುತ್ತದೆ. ಎತ್ತರ ಅಳೆದರೆ ಬಣ್ಣ ಬಯಲಾಗುತ್ತದೆ. ಇನ್ನೊಂದು ಮಾತು ಹಳೆ ಮಗ್‌ಗಳ ಬಗ್ಗೆ. ಆ ಕಾಲದ ಗ್ಲೇಜ್‌ಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮೈಮೇಲೆ ಜೇಡರ ಬಲೆಯಂತೆ ಸಣ್ಣ ಬಿರುಕು ಬಿಟ್ಟಿದ್ದರಂತೂ ನಿಂಬೆ, ಅನಾನಸಿನ ಹುಳಿ ಸೀಸವನ್ನು ಪಾನೀಯಕ್ಕೆ ಎಳೆಯುತ್ತದೆ. ಹಳೆಯದನ್ನು ನೋಡಲು ಇಟ್ಟುಕೊಳ್ಳಿ, ಕುಡಿಯಲು ಬೇಡ.

ಕಳೆದ ಕೆಲವು ವರ್ಷಗಳಲ್ಲಿ ಈ ವ್ಯಾಪಾರಕ್ಕೆ ಎರಡು ಪೆಟ್ಟು ಬಿದ್ದಿವೆ. ಮೊದಲನೆಯದು ಕೋವಿಡ್. ಬಾಗಿಲು ಮುಚ್ಚಿದ ಬಾರ್‌ಗಳಿಗೆ ಮಾರಲು ಉಳಿದದ್ದು ಮಗ್, ಟೀ ಶರ್ಟ್‌ಗಳಷ್ಟೆ. ಅಭಿಮಾನಿಗಳು ಕೊಂಡರು, ಎಷ್ಟೋ ಕಡೆ ಕೆಲಸಗಾರರ ಸಂಬಳಕ್ಕೆ ಅದೇ ಆಧಾರ. ಮಾಯ್-ಕಾಯ್ 2020ರ ಅಕ್ಟೋಬರ್‌ನಲ್ಲಿ ಅಡುಗೆಮನೆಯ ಮಾಡು ಕುಸಿದು ಮುಚ್ಚಿತು, ಮತ್ತೆ ತೆರೆದದ್ದು 2024ರ ನವೆಂಬರ್‌ನಲ್ಲಿ. ಆ ನಾಲ್ಕು ವರ್ಷ ಅದರ ಹೆಸರು ಜನರ ನಾಲಿಗೆಯ ಮೇಲೆ ಉಳಿದದ್ದರಲ್ಲಿ ಮಗ್‌ಗಳ ಪಾಲೂ ಇದೆ. ಇಂಥ ಕಡೆ ಮಗ್‌ಗೆ ಕೊಟ್ಟ ಹಣ ಒಂದು ಜಾಗವನ್ನು ಉಳಿಸಿದೆ. ಸಂಖ್ಯೆ ಹಾಕಿ ಮಾರಿದ್ದು ತಪ್ಪೆಂದು ನಾನು ಹೇಳಲಾರೆ.

ಎರಡನೆಯ ಪೆಟ್ಟು ಸುಂಕ. ಚೀನಾದ ವಸ್ತುಗಳ ಮೇಲೆ ಅಮೆರಿಕ ಹಾಕಿದ ಹೆಚ್ಚುವರಿ ಸುಂಕ 2025ರ ಏಪ್ರಿಲ್‌ನಲ್ಲಿ ಶೇ 145ಕ್ಕೆ ಏರಿ, ಮೇ ಮಧ್ಯದಲ್ಲಿ ಶೇ 30ಕ್ಕೆ ಇಳಿಯಿತು. ಮಗ್‌ನ ವಿನ್ಯಾಸ, ಮಾದರಿ, ಅಚ್ಚು, ಸುಡುವುದು, ಹಡಗಿನ ಪ್ರಯಾಣ ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಆರ್ಡರ್ ಕೊಟ್ಟ ದಿನದ ಸುಂಕ ಒಂದು, ಬಂದರಿನಲ್ಲಿ ಇಳಿಸುವ ದಿನದ್ದು ಇನ್ನೊಂದು. ಮೊದಲೇ ಹಣ ಕಟ್ಟಿಸಿಕೊಂಡ ಸಣ್ಣ ಬಾರ್‌ಗೆ ಇದು ನೇರ ನಷ್ಟ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯೂ ಹೋಯಿತು. ಚೀನಾ, ಹಾಂಗ್‌ಕಾಂಗ್‌ಗೆ 2025ರ ಮೇ 2ರಂದು, ಉಳಿದ ದೇಶಗಳಿಗೆ ಆಗಸ್ಟ್ 29ರಂದು. ಇದರ ಬಿಸಿ ನಮ್ಮ ಅಂಚೆ ಕಚೇರಿಗೂ ಮುಟ್ಟಿತು. ಅಮೆರಿಕಕ್ಕೆ ಹೋಗುವ ಹೆಚ್ಚಿನ ಪಾರ್ಸೆಲ್‌ಗಳ ಬುಕಿಂಗನ್ನು ಭಾರತೀಯ ಅಂಚೆ ಇಲಾಖೆ ಆಗಸ್ಟ್ ಕೊನೆಯ ವಾರ ನಿಲ್ಲಿಸಿ ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಶುರುಮಾಡಿತು. ನನ್ನ ಒಂದು ಮಗ್ ಅಲ್ಲಿಯ ಗೆಳೆಯನಿಗೆ ಹೋಗಬೇಕಿತ್ತು, ಆ ಎರಡು ತಿಂಗಳು ಮೈಸೂರಿನ ಮನೆಯಲ್ಲೇ ಪೆಟ್ಟಿಗೆಯಲ್ಲಿ ಕೂತಿತ್ತು.

ಹಾಗೆ ಕೂತಿದ್ದಾಗ ನಡೆದದ್ದನ್ನು ಹೇಳಬೇಕು. ಪೆಟ್ಟಿಗೆಯನ್ನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಟ್ಟಿದ್ದೆ. ಗುಡಿಸಲು ಬಂದ ಅಮ್ಮ ಮುಚ್ಚಳ ತೆಗೆದು ನೋಡಿದರು.

‘ಇದು ಯಾವ ದೇವರೋ?’

‘ದೇವರಲ್ಲಮ್ಮ, ಮಗ್. ಜ್ಯೂಸು ಗೀಸು ಕುಡಿಯೋಕೆ.’

‘ಮುಖ ನೋಡಿದರೆ ದೇವರ ಥರ ಇದೆಯಲ್ಲೋ. ಯಾರ ದೇವರಾದರೇನು, ಚಪ್ಪಲಿ ಹತ್ತಿರ ಇಡಬೇಡ.’

ಅಮ್ಮ ಅದನ್ನು ಎತ್ತಿ ಪುಸ್ತಕದ ಕಪಾಟಿನ ಮೇಲಿಟ್ಟರು. ಆರು ವರ್ಷ ಮಗ್ ಕೂಡಿಸಿದ ನಾನು ಆ ಪ್ರಶ್ನೆಯನ್ನು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಯಾವ ದೇವರು? ಟಿಕಿ ಎಂಬುದು ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೋರಿಗಳ ಪುರಾಣದಲ್ಲಿ ಮೊದಲ ಮನುಷ್ಯನ ಹೆಸರು. ಮಾರ್ಕೆಸಸ್ ದ್ವೀಪಗಳಲ್ಲಿ ಕೆತ್ತಿದ ಮಾನವಾಕೃತಿಯನ್ನು ಟಿಕಿ ಎನ್ನುತ್ತಾರೆ, ಹವಾಯಿಯಲ್ಲಿ ಕಿಯಿ ಎನ್ನುತ್ತಾರೆ. ರಾಪಾ ನೂಯಿ (ಈಸ್ಟರ್) ದ್ವೀಪದ ಮೋವಾಯ್ ಕಲ್ಲುಮೂರ್ತಿಗಳು ಅಲ್ಲಿನವರ ಪೂರ್ವಜರು. ಬಾರ್‌ಗಳು ಇವೆಲ್ಲವನ್ನೂ ಕಲಸಿ ಒಂದೇ ಮುಖ ಮಾಡಿದವು. ಹವಾಯಿಯ ಕೂ ದೇವರ ತೆರೆದ ಬಾಯಿ ಮಗ್‌ಗಳಲ್ಲಿ ಅತಿ ಹೆಚ್ಚು ಕಾಣುವ ಆಕಾರಗಳಲ್ಲೊಂದು. ಆ ದೇವರ ಕತೆ ಹೀಗಿದೆ: 1819ರಲ್ಲಿ ಹವಾಯಿಯ ಅರಸು ಮನೆತನವೇ ಕಪು ಎಂಬ ಹಳೆಯ ಧಾರ್ಮಿಕ ನಿಷೇಧದ ಕಟ್ಟಳೆಗಳನ್ನು ಮುರಿಯಿತು, ಗುಡಿಗಳು ಸುಟ್ಟವು, ಮೂರ್ತಿಗಳು ಬೂದಿಯಾದವು. ಆಳೆತ್ತರ ಮೀರಿದ ಕೂ ಮೂರ್ತಿಗಳಲ್ಲಿ ಉಳಿದವು ಮೂರೇ. ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ, ಒಂದು ಮಸಾಚುಸೆಟ್ಸ್‌ನ ಸೇಲಂ ಊರಿನ ಪೀಬಡಿ ಎಸೆಕ್ಸ್ ಮ್ಯೂಸಿಯಂನಲ್ಲಿ, ಒಂದು ಮಾತ್ರ ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ. ಮೂರನ್ನೂ ಹೊನೊಲುಲುವಿನಲ್ಲಿ ಒಟ್ಟಿಗೆ ನಿಲ್ಲಿಸಿದ್ದು 2010ರಲ್ಲಿ. ಕೆಲವು ತಿಂಗಳ ಆ ಪ್ರದರ್ಶನ ಮುಗಿದ ಮೇಲೆ ಎರಡು ವಾಪಸು ಹೋದವು. ಲಿಮಿಟೆಡ್ ಎಡಿಷನ್ ಎಂದು ನಾವು ಕುಣಿದಾಡುವ ಮುಖದ ನಿಜವಾದ ಎಣಿಕೆ ಇದು, ಮೂರಕ್ಕೆ ಒಂದು ಮನೆಯಲ್ಲಿ.

2017ರಲ್ಲಿ ಪ್ಯಾರಿಸ್‌ನ ಕ್ರಿಸ್ಟೀಸ್ ಹರಾಜಿನಲ್ಲಿ ಕೂ ದೇವರದೆಂದು ಹೇಳಲಾದ ಚಿಕ್ಕ ಮೂರ್ತಿಯೊಂದು 60 ಲಕ್ಷ ಯೂರೊಗೂ ಹೆಚ್ಚಿಗೆ ಹೋಯಿತು. ಕೊಂಡ ಉದ್ಯಮಿ ಮಾರ್ಕ್ ಬೆನಿಯಾಫ್ ದಂಪತಿ ಅದನ್ನು ಬಿಷಪ್ ಮ್ಯೂಸಿಯಂಗೆ ಕೊಟ್ಟರು. ಆಮೇಲೆ ಕೆಲವು ತಜ್ಞರು, ಇದು ಅಷ್ಟು ಹಳೆಯದಲ್ಲ, ಇಪ್ಪತ್ತನೇ ಶತಮಾನದಲ್ಲಿ ಪ್ರವಾಸಿಗರಿಗೆಂದು ಕೆತ್ತಿದ್ದೂ ಇರಬಹುದು ಎಂದು ಅನುಮಾನ ಎತ್ತಿದರು. ಬಾರ್‌ನ ಅಲಂಕಾರವೂ ಗುಡಿಯ ದೇವರೂ ಇಷ್ಟು ಬೆರೆತುಹೋದ ಮೇಲೆ ಹರಾಜಿನವರಿಗೂ ಗುರುತು ಹಿಡಿಯುವುದು ಕಷ್ಟವಾಗಿದೆ.

ಪೆಸಿಫಿಕ್ ದ್ವೀಪದವರ ಆಕ್ಷೇಪ ಹಳೆಯದು, ಈಗ ಗಟ್ಟಿಯಾಗಿ ಕೇಳುತ್ತಿದೆ. ಅಮೆರಿಕದ ಕೆಲವು ಬಾರ್‌ಗಳು ಟಿಕಿ ಎಂಬ ಪದ ಬಿಟ್ಟು ‘ಟ್ರಾಪಿಕಲ್’ ಎಂದುಕೊಳ್ಳುತ್ತಿವೆ. ಮಗ್‌ಗೆ ಮುಖದ ಬದಲು ಅನಾನಸು, ಆಕ್ಟೋಪಸ್, ಹಡಗು, ಗಿಳಿಯ ಆಕಾರ ಕೊಡುವವರು ಹೆಚ್ಚಿದ್ದಾರೆ. ಇದನ್ನು ಅತಿಸೂಕ್ಷ್ಮತೆ ಎನ್ನುವ ಸಂಗ್ರಾಹಕರೂ ಇದ್ದಾರೆ. ಟಿಕಿ ಬಾರ್ ಎಂಬುದು ಅಮೆರಿಕದವರೇ ಕಟ್ಟಿಕೊಂಡ ಕನಸು, ಅದಕ್ಕೂ ನಿಜವಾದ ಪಾಲಿನೇಷ್ಯಾಕ್ಕೂ ಸಂಬಂಧವಿಲ್ಲ ಎಂಬುದು ಅವರ ವಾದ. ನಾನೂ ಹಾಗೇ ಹೇಳುತ್ತಿದ್ದೆ. ಈಗ ಹೇಳಲಾರೆ. ನಮ್ಮ ಕರಾವಳಿಯನ್ನು ನೆನೆಸಿಕೊಳ್ಳಿ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತದ ಮರದ ಮೂರ್ತಿಗಳು ಇವತ್ತು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಸಿನಿಮಾ ನೋಡಿ ಬಂದವರು ವೇದಿಕೆಯ ಮೇಲೆ ದೈವದ ವೇಷ ಹಾಕಿ ಕೂಗಿದಾಗ ತುಳುನಾಡಿನ ಜನ ನೊಂದುಕೊಂಡರು, ವಿರೋಧಿಸಿದರು. ದೂರದ ದೇಶದಲ್ಲೊಬ್ಬ ಪಂಜುರ್ಲಿಯ ಹಂದಿಮುಖವನ್ನು ಅಚ್ಚಿಗೆ ಹಾಕಿ, ತಲೆ ಕೊರೆದು, ರಮ್ ತುಂಬಿ, 37/200 ಎಂದು ಬರೆದು ಮಾರಿದರೆ ‘ಅದು ಅವರ ಕನಸು, ನಮಗೇನು’ ಎಂದು ನಾವು ಸುಮ್ಮನಿರುತ್ತೇವೆಯೇ? ಕೋಲ ಕಟ್ಟುವ ಮನೆತನಕ್ಕೆ ಅದರಿಂದ ಒಂದು ಪೈಸೆಯೂ ಹೋಗುವುದಿಲ್ಲ ಎಂಬುದನ್ನು ಬೇರೆ ಸೇರಿಸಿಕೊಳ್ಳಿ.

ಹಾಗೆಂದು ಎಲ್ಲವನ್ನೂ ಒಡೆದು ಹಾಕಿ ಎಂದು ನಾನು ಹೇಳುವುದಿಲ್ಲ. ನನಗೆ ಈಗಲೂ ಈ ಮಗ್‌ಗಳ ಮೇಲೆ ಮೋಹ ಇದೆ. ಗ್ಲೇಜ್ ಹುಬ್ಬಿನ ಉಬ್ಬಿನಲ್ಲಿ ತೆಳುವಾಗಿ ಕೆನ್ನೆಯ ಕುಳಿಯಲ್ಲಿ ದಪ್ಪವಾಗಿ ನಿಂತು, ಒಂದೇ ಕಂದು ಬಣ್ಣ ಜೇನಿನಿಂದ ಕಾಫಿ ಡಿಕಾಕ್ಷನ್‌ವರೆಗೆ ಇಳಿಯುವುದನ್ನು ನೋಡುತ್ತ ಕೂರಬಲ್ಲೆ. ಮಾಡುವವರಿಂದ ನನಗೆ ಬೇಕಿರುವುದು ಎರಡು. ಒಂದು, ಎಲ್ಲ ಬಣ್ಣಗಳೂ ಸೇರಿ ಆ ಅಚ್ಚಿನಿಂದ ಒಟ್ಟು ಎಷ್ಟು ಮಗ್ ಬಂದವು ಎಂಬ ಲೆಕ್ಕವನ್ನು ಬಹಿರಂಗವಾಗಿ ಹೇಳಬೇಕು. ಎರಡು, ದ್ವೀಪದ ದೇವರ ಮುಖ ಬೇಕೆಂದಾದರೆ ಆ ದ್ವೀಪದ ಕಲಾವಿದರಿಂದಲೇ ವಿನ್ಯಾಸ ಮಾಡಿಸಿ, ಹಣ ಕೊಟ್ಟು, ಅವರ ಹೆಸರನ್ನು ತಳದಲ್ಲಿ ಬರೆಯಬೇಕು. ನ್ಯೂಜಿಲೆಂಡ್‌ನಲ್ಲಿ ಮಾವೋರಿ ಕಲಾವಿದರ ಕೆಲಸವನ್ನು ಗುರುತಿಸಲು ‘ತೋಯಿ ಇಹೊ’ ಎಂಬ ಮುದ್ರೆ 2002ರಿಂದ ಇದೆ. ಇದು ಆಗದ ಕೆಲಸವೇನಲ್ಲ. ಚೀನಾದಿಂದ ಹಡಗು ತರಿಸಬಲ್ಲವರಿಗೆ ಹೊನೊಲುಲುವಿನ ಕೆತ್ತನೆಗಾರರೊಬ್ಬರಿಗೆ ಫೋನ್ ಮಾಡುವುದು ಕಷ್ಟವಾಗಬಾರದು.

ಪಾರ್ಸೆಲ್ ಮತ್ತೆ ಶುರುವಾದ ಮೇಲೆ ಆ ಮಗ್ಗನ್ನು ಗೆಳೆಯನಿಗೆ ಕಳಿಸಿದೆ. ಕಳಿಸುವ ಮುಂಚೆ ಯಾವ ದೇವರೆಂದು ಹುಡುಕಿ ಒಂದು ಚೀಟಿಯಲ್ಲಿ ಬರೆದು ಒಳಗಿಟ್ಟೆ. ಉಳಿದ ಎರಡರಲ್ಲಿ ಹಳೆಯದು ಈಗ ಅಮ್ಮ ಆ ಮಗ್ ಇಟ್ಟಿದ್ದ ಜಾಗದಲ್ಲೇ, ಕಪಾಟಿನ ಮೇಲಿದೆ. 37/200ರ ಮೇಲೆ ಇರುವುದು ದೇವರ ಮುಖವಲ್ಲ, ಆಕ್ಟೋಪಸ್. ಅದನ್ನು ದಿನಾ ಬಳಸುತ್ತೇನೆ. ಹೋದ ರಾಮನವಮಿಯ ದಿನ ಪಾನಕ ಕುಡಿದು ತೊಳೆಯುವಾಗ ನಲ್ಲಿಗೆ ತಗುಲಿ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತು. ಇನ್ನೂರರಲ್ಲಿ ಚಕ್ಕೆ ಎದ್ದದ್ದು ಎಷ್ಟಿರಬಹುದು ಎಂದು ಒಂದು ಕ್ಷಣ ಲೆಕ್ಕ ಹಾಕಿ, ಒರೆಸಿ, ಮತ್ತೆ ಲೋಟಗಳ ಸಾಲಿನಲ್ಲಿಟ್ಟೆ.